ಮಿದುಳಿನ ದಂಟು ಮತ್ತು ನನ್ನ ಬಿಕ್ಕಳಿಕೆ

ಅಲುಗಾಡದೆ ಮಲಗುವುದೂ ಒಂದು ವಿದ್ಯೆಯೇ? ಕಲ್ಲಿಗೆ ಬರುತ್ತದೆ, ಮರದ ದಿಮ್ಮಿಗೆ ಬರುತ್ತದೆ. ನಮ್ಮ ಮನೆಯವರಿಗಂತೂ ಭಾನುವಾರ ಊಟವಾದ ಮೇಲೆ ಯಾರೂ ಹೇಳಿಕೊಡದೆಯೇ ಬರುತ್ತದೆ. ಹಾಗಿರುವಾಗ, ಒಂದು ಯಂತ್ರದೊಳಗೆ ಅಲುಗಾಡದೆ ಮಲಗಿ ಎದ್ದು ಬಂದಳು ಎಂಬ ಒಂದೇ ಕಾರಣಕ್ಕೆ ನನ್ನ ನೆಗೆಣ್ಣಿಯನ್ನು ಇಡೀ ಬಳಗ ಹಾಡಿ ಹೊಗಳುತ್ತಿದ್ದರೆ ನನ್ನ ಹೊಟ್ಟೆಯೊಳಗೆ ಏನಾಗಬೇಕೋ ಅದೇ ಆಯಿತು. ಅದನ್ನು ಹೊಟ್ಟೆಕಿಚ್ಚು ಎನ್ನಬೇಡಿ. ಅದು ನ್ಯಾಯದ ಪ್ರಶ್ನೆ!

ನಾವು ಭಾಲ್ಕಿ ಕಡೆಯವರು. ನಮ್ಮ ಮನೆಯವರಿಗೆ ಶೇಂದ್ರಾದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ವಾಸ ಸಂಭಾಜಿನಗರದಲ್ಲಿ. ಅವರ ಅಣ್ಣ, ಅಂದರೆ ನಮ್ಮ ಭಾವನವರು, ನಾಸಿಕದ ಹತ್ತಿರ ದೇವಳಾಲಿ ಕ್ಯಾಂಪಿನಲ್ಲಿ ಸೈನಿಕರಿಗೆ ಬೇಕಾದ ಟ್ರಂಕು, ಬೂಟು, ಬೆಲ್ಟು ಮಾರುತ್ತಾರೆ. ಅವರ ಹೆಂಡತಿಯೇ ಶಾಂತಕ್ಕ. ನಮ್ಮ ಅತ್ತೆ ಇರುವುದು ಅವರ ಮನೆಯಲ್ಲಿ. ಇದ್ದಕ್ಕಿದ್ದ ಹಾಗೆ ಒಂದು ದಿನ ಅತ್ತೆಯ ಫೋನು ಬಂತು.

"ಸುಮಿತ್ರಾ, ಕೇಳಿದೇನ? ನಮ್ಮ ಶಾಂತಾಂದು ಫಂಕ್ಷನಲ್ ಆತು!"

"ಯಾವ ಫಂಕ್ಷನ್ ಅವ್ವಾ? ನಮಗ ಹೇಳೇ ಇಲ್ಲಲ್ಲ! ಸೀರಿ-ಗೀರಿ ಕೊಟ್ರೇನು?" ನನ್ನ ದನಿ ಆಗಲೇ ಏರಿತ್ತು.

"ಸೀರಿ ಅಲ್ಲ ಬಿಡು, ಎಂಆರ್‌ಐ ಫಂಕ್ಷನಲ್. ತಲಿ ಫೋಟೋ ತೆಗೀತಾರ. ಶಾಂತಾ ಒಳಗ ಕಲ್ಲಿನಂಗ ಮಲಗಿದ್ಳಂತ. ಎಷ್ಟು ಜನ ಬಂದ್ರೂ ಇಷ್ಟು ಚೊಕ್ಕ ಫೋಟೋ ಬಂದಿಲ್ಲ ಅಂತ ಶ್ರುತಿ ಹೇಳಿದ್ಳು. ನನ್ನ ಹಿರೀ ಸೊಸಿ ತಲಿ ಅಂದ್ರ ಕನ್ನಡಿ!"

ಕಿರೀ ಸೊಸೆಯ ತಲೆ ಏನು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸಂಜೆಯೊಳಗೆ ಬಳಗದ ಮೊಬೈಲುಗಳಿಗೆಲ್ಲ ಶಾಂತಕ್ಕನ ಮಿದುಳು ಬಂತು. ಕಪ್ಪು ಹಿನ್ನೆಲೆಯ ಮೇಲೆ ಬೂದು ಬಣ್ಣದ, ಹೆಚ್ಚಿದ ಹೂಕೋಸಿನಂಥ ಚಿತ್ರ. ಬೀದರಿನ ಚಿಗವ್ವ ಕೈಮುಗಿದ ಗುರುತು ಹಾಕಿದರು. ವೈಜಾಪುರದ ನಾದಿನಿ "ವಹಿನಿ, ಎಷ್ಟು ಸುಂದರ!" ಎಂದು ಬರೆದಳು. ಮಿದುಳಿನಲ್ಲಿ ಸುಂದರ ಎಂಬುದೊಂದು ಇದೆಯೇ? ನಾನು ಬಹಳ ಹೊತ್ತು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎಲ್ಲಾದರೂ ಒಂದು ಕಲೆ, ಒಂದು ತೂತು ಸಿಕ್ಕೀತೇ ಎಂದು. ಸಿಗಲಿಲ್ಲ!

"ಏನ ಹುಡುಕ್ಲಕತ್ತಿ?" ಎಂದರು ಇವರು.

"ಏನಿಲ್ಲ. ನಾನೂ ಮಾಡಿಸ್ಕೋತೀನಿ."

"ಯಾಕ? ನಿನ್ನ ತಲಿಗೇನಾಗ್ಯಾದ?"

"ಶಾಂತಕ್ಕನ ತಲಿಗೇನಾಗಿತ್ತು?"

ಇವರು ಪೇಪರನ್ನು ಮುಖದ ಮುಂದೆ ಎತ್ತಿಕೊಂಡರು.

ಶ್ರುತಿ ಎಂದರೆ ಭಾವನವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇರುವ ಹುಡುಗಿ. ಕಲಬುರಗಿ ಮೂಲದವಳಾದರೂ ನಾಸಿಕದಲ್ಲೇ ಬೆಳೆದವಳು. ಅವಳ ಕನ್ನಡ ಅರ್ಧ ಮರಾಠಿ, ಕಾಲುಭಾಗ ಹಿಂದಿ, ಉಳಿದದ್ದು ಧೈರ್ಯ. ಮಿದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮನ್ನು ಮರಾಠಿಯವರ ಹಾಗೆ 'ಕಾಕು', ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಮಾರನೆಯ ದಿನವೇ ಅವಳಿಗೆ ಫೋನು ಮಾಡಿ ವಿಜ್ಞಾನದ ಸೇವೆಗೆ ನನ್ನ ತಲೆ ಸಿದ್ಧವಾಗಿದೆ ಎಂದು ತಿಳಿಸಿದೆ. ಪಾಪ, ಅವಳು ಕುಣಿದಾಡಿಬಿಟ್ಟಳು.

"ಖರೇನೇ ಕಾಕು? ನನಗ ಜನಾನೇ ಸಿಗಂಗಿಲ್ಲ! ಮಷೀನ್ ನಮಗ ಸಿಗೋದು ರವಿವಾರ ಮಾತ್ರ. ಬಾಕಿ ದಿನ ಪೇಶಂಟ್ ಇರ್ತಾರ. ಈ ರವಿವಾರ ಬರೋವ್ರು ಕ್ಯಾನ್ಸಲ್ ಮಾಡ್ಯಾರ. ನೀವು ಬಂದ್ರ ನನ್ನ ಕಾಮ್ ಉಳೀತದ."

ಅವಳು ನೋಡುತ್ತಿದ್ದುದು ಇಡೀ ಮಿದುಳನ್ನಲ್ಲವಂತೆ. ಮಿದುಳಿನ ಕೆಳಗೆ, ಕತ್ತಿಗೆ ಸೇರುವಲ್ಲಿ ಒಂದು ದಂಟು ಇದೆಯಂತೆ, ಹೆಬ್ಬೆರಳಿನಷ್ಟು ದಪ್ಪ. ಮಿದುಳಕಾಂಡ ಎಂದು ಅದರ ಹೆಸರು. ಉಸಿರಾಟ, ಎದೆಬಡಿತ, ನುಂಗುವುದು, ಎಚ್ಚರ, ಎಲ್ಲದರ ಕಾರುಬಾರೂ ಅಲ್ಲಿಂದಲೇ. ನಾಲಗೆಯ ಮೇಲೆ ಸಿಹಿ ಬಿದ್ದರೆ ಆ ಸುದ್ದಿ ಮೊದಲು ಮುಟ್ಟುವುದು ಆ ದಂಟಿನೊಳಗಿನ ಅಕ್ಕಿಕಾಳಿನಂಥ ಒಂದು ಜಾಗಕ್ಕೆ. ಬಾಯಿಗೆ ಸಿಹಿ ನೀರು, ಕಹಿ ನೀರು ಹನಿಸಿ, ಆ ಅಕ್ಕಿಕಾಳಿನ ರಕ್ತದ ಓಡಾಟ ಹೇಗೆ ಬದಲಾಗುತ್ತದೆ ಎಂದು ಚಿತ್ರ ತೆಗೆಯುವುದೇ ಶ್ರುತಿಯ ಕೆಲಸ.

"ತಲಿ ಜರಾನೂ ಅಲುಗಾಡಸಂಗಿಲ್ಲ ಕಾಕು. ನೀರು ಬಾಯಾಗ ಬಿದ್ರೂ ಹಸಿರು ನಿಶಾನಿ ಬರೋತನಕ ನುಂಗಂಗಿಲ್ಲ. ಮುಂಜಾನಿ ಚಹಾ ಬ್ಯಾಡ."

"ಇಷ್ಟೇನಾ?" ಎಂದೆ.

ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ದುಬಾರಿ ಮಾತು ಅದು!

ಆದರೂ ತಯಾರಿ ಮಾಡದೆ ಹೋಗುವವಳಲ್ಲ ನಾನು. ಶಾಂತಕ್ಕನಿಗಿಂತ ಒಂದು ತೂಕ ಹೆಚ್ಚು ಚೊಕ್ಕವಾಗಿ ಬರಬೇಕಲ್ಲ. ಮರುದಿನ ಸಂಜೆ ನಡುಮನೆಯಲ್ಲಿ ಚಾಪೆ ಹಾಸಿ, ತಲೆಯ ಎರಡೂ ಬದಿಗೆ ದಿಂಬು ಒತ್ತರಿಸಿ, ಅಂಗಾತ ಮಲಗಿದೆ. ಅಲುಗಾಡಬಾರದೆಂದು ಬಿಳಿ ಪಂಚೆಯಿಂದ ಕುತ್ತಿಗೆಯವರೆಗೆ ಸುತ್ತಿಕೊಂಡೆ. ಇವರು ಪಕ್ಕದಲ್ಲಿ ಕೂತು, ಚಮಚೆಯಿಂದ ಸಕ್ಕರೆ ನೀರನ್ನು ಹನಿಹನಿಯಾಗಿ ನನ್ನ ಬಾಯಿಗೆ ಬಿಡುತ್ತಿದ್ದರು. ನಾನು ನುಂಗದೆ, ಕಣ್ಣು ಮುಚ್ಚಿ, ಪರಮ ನಿಶ್ಚಲಳಾಗಿದ್ದೆ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಪ್ರಮಿಳಾ ವಹಿನಿ ಕೊತ್ತಂಬರಿ ಕೇಳಲು ಬಂದರು.

ಬಾಗಿಲಲ್ಲಿ ನಿಂತು ನೋಡಿದರೆ ಏನು ಕಾಣಬೇಕು! ನೆಲದ ಮೇಲೆ ಬಿಳಿ ಬಟ್ಟೆ ಸುತ್ತಿದ ಹೆಂಗಸು. ತಲೆಯ ಬಳಿ ಗಂಡ. ಬಾಯಿಗೆ ನೀರು.

"ಅಗಂ ಬಾಈ! ಸುಮಿತ್ರಾ ಗೇಲೀ ಕಾ?"

ಹೋದಳೇ ಎಂದು ಕೇಳುತ್ತಿದ್ದಾರೆ! ಇಲ್ಲ ಎಂದು ಹೇಳಲು ನನ್ನ ಬಾಯಲ್ಲಿ ನೀರಿತ್ತು, ಹಸಿರು ನಿಶಾನೆ ಬಂದಿರಲಿಲ್ಲ. ಇವರಿಗೋ ಗಾಬರಿಯಾದರೆ ಮರಾಠಿ ಮರೆತುಹೋಗುತ್ತದೆ. "ಇಲ್ಲ ಇಲ್ಲ, ಪ್ರಾಕ್ಟೀಸ್, ಪ್ರಾಕ್ಟೀಸ್!" ಎಂದರು. ಪ್ರಮಿಳಾ ವಹಿನಿ ಎದೆ ಬಡಿದುಕೊಂಡು ಮೆಟ್ಟಿಲಿಳಿದರು. ನಾನು ಎದ್ದು, ನೀರು ನುಂಗಿ, ಪಂಚೆ ಸಮೇತ ಅವರ ಹಿಂದೆ ಓಡಿದೆ. ಅದು ಇನ್ನೂ ದೊಡ್ಡ ತಪ್ಪು. ಬಿಳಿ ಬಟ್ಟೆಯಲ್ಲಿ ಬರುತ್ತಿರುವ ನನ್ನನ್ನು ಕಂಡು ಕೆಳಗಿನ ಮನೆಯ ಅಜ್ಜಿ ಕೂತಲ್ಲೇ ದೇವರ ನಾಮ ಶುರುಮಾಡಿದರು!

ಅಷ್ಟರಲ್ಲಿ ನಾನು ಸತ್ತ ಸುದ್ದಿ ಪ್ರಮಿಳಾ ವಹಿನಿಯ ಫೋನಿನಿಂದ ವೈಜಾಪುರದ ನಾದಿನಿಗೆ ಮುಟ್ಟಿ, ಅಲ್ಲಿಂದ ದೇವಳಾಲಿಗೆ ಹಾರಿತ್ತು. ಶಾಂತಕ್ಕನ ಫೋನು ಬಂತು. ನನ್ನ "ಹಲೋ" ಕೇಳಿದ್ದೇ ತಡ, ಆಕೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ತಂಗಿ, ನಿನ್ನ ದನಿ ಕೇಳಿ ಜೀವ ಬಂತವ್ವ. ಬಸ್ ಸ್ಟ್ಯಾಂಡಿಗೆ ಹೊಂಟಿದ್ದೆ ನೋಡು."

ಆಕೆ ನಿಜವಾಗಿಯೇ ಅಳುತ್ತಿದ್ದಳು. ನನ್ನ ಕಣ್ಣೂ ಒದ್ದೆಯಾಯಿತು. ಫೋನಿಟ್ಟ ಮೇಲೆ ಇವರು, "ಎಷ್ಟು ಅಂತಃಕರಣ ನೋಡು ವೈನಿಗೆ!" ಎಂದರು. ತಕ್ಷಣ ನನ್ನ ಕಣ್ಣು ಒಣಗಿತು. ಅಳುವುದರಲ್ಲೂ ಆಕೆಯೇ ಮುಂದೆ!

ಶನಿವಾರ ನಾಸಿಕದ ಬಸ್ಸು ಹತ್ತಿದೆವು. ಫಂಕ್ಷನಲ್ ಎಂದ ಮೇಲೆ ಒಂದು ಮರ್ಯಾದೆ ಬೇಡವೇ ಎಂದು ಮದುವೆಗೆ ಉಡುವ ಪೈಠಣಿ ಸೀರೆಯನ್ನು ಇಸ್ತ್ರಿ ಮಾಡಿ ಚೀಲದಲ್ಲಿಟ್ಟುಕೊಂಡಿದ್ದೆ. ಜರಿಯ ಸೆರಗಿನಲ್ಲಿ ನವಿಲುಗಳಿದ್ದವು. ಭಾನುವಾರ ಬೆಳಿಗ್ಗೆ ಅದನ್ನುಟ್ಟು ಹೊರಬಂದಾಗ ಅತ್ತೆ ಮೇಲಿಂದ ಕೆಳಗೆ ನೋಡಿ, "ಶಾಂತಾ ಸಾದಾ ಸೀರಿ ಉಟ್ಕೊಂಡು ಹೋಗಿದ್ಳು" ಎಂದರು. ಅಷ್ಟೇ.

ಶಾಂತಕ್ಕ ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದಳು. ಬಿಸಿ ಜೋಳದ ರೊಟ್ಟಿ, ಕಾಳುಪಲ್ಲೆ, ಹಸಿಮೆಣಸಿನಕಾಯಿ ಕುಟ್ಟಿದ ಖಾರ. ನಾನು ರೊಟ್ಟಿಗೆ ಉಗುರಿನಷ್ಟು ಖಾರ ಹಚ್ಚಿಕೊಂಡೆ. ಅತ್ತೆ ನಕ್ಕರು.

"ಶಾಂತಾನ ಕೈಯಾಗಿನ ಖಾರ ಅದು. ನಿನಗ ತಡಿಯಂಗಿಲ್ಲ, ಬಿಡು."

ನನಗೆ ತಡೆಯುವುದಿಲ್ಲವೇ? ನಾನು ಒಂದು ಮುಟಿಗೆ ಖಾರ ತೆಗೆದು ಬಾಯಿಗೆ ಹಾಕಿಕೊಂಡೆ. ಕಿವಿಯಲ್ಲಿ ಶಿಳ್ಳೆ ಕೇಳಿಸಿತು. ಕಣ್ಣಲ್ಲಿ ನೀರು ಬಂದರೂ ತುಟಿಯಲ್ಲಿ ನಗು ಬಿಡಲಿಲ್ಲ. ಇನ್ನೊಂದು ಮುಟಿಗೆ ಹಾಕಿಕೊಂಡೆ.

"ಸಪ್ಪಗ ಅದ" ಎಂದೆ.

ಆಗಲೇ ಮೊದಲ ಬಿಕ್ಕಳಿಕೆ ಬಂತು. ಶಾಂತಕ್ಕ ಓಡಿ ಬಂದು ಬೆಲ್ಲ ಕೊಟ್ಟಳು, ನೀರು ಕೊಟ್ಟಳು, ಬೆನ್ನು ಸವರಿದಳು. "ಯಾರೋ ನೆನಸ್ಲಕತ್ತಾರ" ಎಂದಳು. ಇವರು, ಶಾಂತಕ್ಕ, ನಾನು ರಿಕ್ಷಾ ಹತ್ತುವ ಹೊತ್ತಿಗೆ ಬಿಕ್ಕಳಿಕೆ ನಿಂತಿತ್ತು. ಹಾಗೆಂದು ನಾನು ತಿಳಿದಿದ್ದೆ.

ಸ್ಕ್ಯಾನ್ ಕೇಂದ್ರದಲ್ಲಿ ನನ್ನ ಪೈಠಣಿಯನ್ನು ನೋಡಿ ಶ್ರುತಿ ಹಣೆ ಒತ್ತಿಕೊಂಡಳು. ಅದು ಲೋಹಚುಂಬಕದ ಯಂತ್ರವಂತೆ. ಮೈಮೇಲೆ ಒಂದು ಗುಂಡುಸೂಜಿಯೂ ಇರಕೂಡದು. ಜರಿಯ ಸೀರೆಯೂ ಕೂಡದು. ಮಂಗಳಸೂತ್ರ, ಓಲೆ, ಮೂಗುತಿ, ಕಾಲುಂಗುರ ಹೋದವು. ಕೂದಲ ಪಿನ್ನುಗಳು ಹೋದವು. ಆಮೇಲೆ ಸೆರಗಿನಿಂದ, ನಿರಿಗೆಯಿಂದ, ಬಳೆಯಿಂದ ಸೇಫ್ಟಿ ಪಿನ್ನುಗಳು ಹೊರಬರತೊಡಗಿದವು. ತಟ್ಟೆ ತುಂಬಿತು. ಶ್ರುತಿ ಇನ್ನೊಂದು ತಟ್ಟೆ ತರಿಸಿದಳು!

ಕೊನೆಗೆ ಸಡಿಲ ಅಂಗಿಯೊಂದನ್ನು ತೊಡಿಸಿ ಉದ್ದನೆಯ ಹಲಗೆಯ ಮೇಲೆ ಮಲಗಿಸಿದರು. ಕಿವಿಗೆ ಬಿರಡೆ, ಬೆರಳಿಗೆ ಎದೆಬಡಿತ ಎಣಿಸುವ ಚಿಮಟ, ಹೊಟ್ಟೆಗೆ ಉಸಿರಾಟ ಅಳೆಯುವ ಪಟ್ಟಿ, ಮುಖದ ಮೇಲೆ ಪಂಜರ, ಅದರಲ್ಲಿ ನಿಶಾನೆ ಕಾಣಲು ಪುಟ್ಟ ಕನ್ನಡಿ, ತುಟಿಯ ನಡುವೆ ರಸ ಹನಿಸುವ ನಳಿಗೆ. ತೊಂದರೆಯಾದರೆ ಒತ್ತಲು ಕೈಗೊಂದು ರಬ್ಬರ್ ಚೆಂಡು. ಹಲಗೆ ಸುರಂಗದೊಳಗೆ ಸರಿಯಿತು. ಯಂತ್ರ ಹಳೆಯ ಹಿಟ್ಟಿನ ಗಿರಣಿಯ ಹಾಗೆ ಧಡಧಡ ಸದ್ದು ಮಾಡತೊಡಗಿತು.

ನಾನು ಅಲುಗಾಡಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಒಂದು ಗಳಿಗೆ ನಾನು ಕಲ್ಲಾಗಿದ್ದೆ.

ಆಗ ಕಿವಿಯೊಳಗೆ ಶ್ರುತಿಯ ದನಿ ಬಂತು. "ಛಲೋ ಅದ ಕಾಕು. ಹಾರ್ಟ್ ಜರಾ ಜೋರು ಓಡ್ಲಕತ್ತದ. ರಿಲ್ಯಾಕ್ಸ್ ಮಾಡ್ರಿ. ಶಾಂತಾ ಕಾಕೂಂದು ಹ್ಯಾಂಗ ಅಂದ್ರ, ಗಡಿಯಾರ ಇದ್ದಂಗ ಇತ್ತು!"

ಗಡಿಯಾರ! ನನ್ನ ಎದೆ ಡೊಳ್ಳಿನಂತೆ ಬಡಿದುಕೊಳ್ಳತೊಡಗಿತು.

"ಕಾಕು, ಮತ್ತ ಜಾಸ್ತಿ ಆತು. ಏನರ ಶಾಂತ ವಿಚಾರ ಮಾಡ್ರಿ."

ಶಾಂತ ಎಂಬ ಶಬ್ದವೇ ಬೇಡವಾಗಿತ್ತು ನನಗೆ! ಅಷ್ಟರಲ್ಲಿ ಸಿಹಿ ಹನಿ ಬಿತ್ತು. ಕಾದೆ. ಹಸಿರು ಬಂತು, ನುಂಗಿದೆ. ಗೆದ್ದೆ ಎಂದುಕೊಂಡೆ. ಆಮೇಲೆ ಕಹಿ ಹನಿ ಬಿತ್ತು. ಹಾಗಲಕಾಯಿ ಅದರ ಮುಂದೆ ಕಲ್ಲುಸಕ್ಕರೆ. ಹಸಿರಿಗಾಗಿ ಕಾಯುತ್ತಾ, ಬಾಯಿ ಬಿಗಿಹಿಡಿದು, ಶಾಂತಕ್ಕ ಇದನ್ನು ಹೇಗೆ ತಡೆದುಕೊಂಡಳೋ ಎಂದು ಯೋಚಿಸುತ್ತಿದ್ದಾಗ ಹೊಟ್ಟೆಯ ಆಳದಿಂದ ಬೆಳಗಿನ ಖಾರ ಎದ್ದು ನಿಂತಿತು.

ಹಿಕ್!

ತಲೆ ಪಂಜರಕ್ಕೆ ಬಡಿಯಿತು. ಕಹಿ ನೀರು ಮೂಗಿಗೆ ಏರಿತು. ಕೆಮ್ಮಿದೆ. ಕೆಮ್ಮಿನ ಮೇಲೊಂದು ಸೀನು, ಸೀನಿನ ಮೇಲೆ ಬಿಕ್ಕಳಿಕೆ. ಬಾಯಿಂದ ನಳಿಗೆ ಹಾರಿಹೋಗಿ ಸಿಹಿ ನೀರು ಕಿವಿಗೂ ಕಹಿ ನೀರು ಕಣ್ಣಿಗೂ ಹನಿಯತೊಡಗಿತು. ಚೆಂಡು ಒತ್ತಿದೆ. ಒತ್ತಿದ್ದು ಸಾಲದೇನೋ ಎಂದು ಮತ್ತೆ ಮತ್ತೆ ಒತ್ತಿದೆ. ಹೊರಗೆ ಗಂಟೆ ಎಲ್ಲೋ ಬೆಂಕಿ ಬಿದ್ದಂತೆ ಹೊಡೆದುಕೊಂಡಿತು. ನನ್ನನ್ನು ಹೊರಗೆಳೆದರು!

ಕಾದರು. ನೀರು ಕುಡಿಸಿದರು. ಉಸಿರು ಹಿಡಿಯಲು ಹೇಳಿದರು. ಇವರು ಹಿಂದಿನಿಂದ ಬಂದು "ಹೋ!" ಎಂದು ಹೆದರಿಸಿದರು. ಬಿಕ್ಕಳಿಕೆಗೆ ಮಾತ್ರ ಹೆದರಿಕೆಯಾಗಲಿಲ್ಲ, ನನಗೆ ಆಯಿತು. ಒಳಗೆ ಹೋದ ಕೂಡಲೇ ಮತ್ತೆ ಹಿಕ್!

ಶ್ರುತಿ ನನ್ನನ್ನು ತೆರೆಯ ಮುಂದೆ ಕೂರಿಸಿ ಚಿತ್ರ ತೋರಿಸಿದಳು. ಶಾಂತಕ್ಕನದು ಅಚ್ಚು ಹೊಡೆದ ಹಾಗಿತ್ತು. ನನ್ನದು? ಮಳೆಯಲ್ಲಿ ನೆನೆದ ರಂಗೋಲಿ. ಒಂದು ಕಣ್ಣು ಮೂರು ಕಡೆ ಇತ್ತು.

"ಬ್ಯಾರೆ ಕಡೆ ಆದ್ರ ಅಡ್ಜಸ್ಟ್ ಮಾಡಬಹುದಿತ್ತು ಕಾಕು," ಎಂದಳು ಅವಳು ಮೆಲ್ಲಗೆ. "ಬ್ರೇನ್‌ಸ್ಟೆಮ್, ಅಂದ್ರ ಆ ದಂಟು, ಭಾಳ ಛೋಟಾ. ಫೋಟೋದ ಒಂದು ಚುಕ್ಕಿ ಸಾಸಿವಿಯಷ್ಟು ಇರ್ತದ, ನನಗ ಬೇಕಾದ ಜಾಗ ಅಕ್ಕಿಕಾಳಿನಷ್ಟು. ಅಂದ್ರ ಸಿಗೋದೇ ಎರಡು ಮೂರು ಚುಕ್ಕಿ. ಮತ್ತ ಬಾಜೂನೇ ದೊಡ್ಡ ರಕ್ತನಾಳ ಬಡೀತಿರ್ತದ. ಸುತ್ತ ನೀರು ಹೊಯ್ದಾಡ್ತದ. ಉಸಿರು ತಗೊಂಡ್ರೂ ಚಿತ್ರ ಸರೀತದ. ಎಸ್‌ಟಿ ಬಸ್ಸಿನ್ಯಾಗ ಕೂತು ಸೂಜಿಗೆ ದಾರ ಪೋಣಿಸಿದಂಗ ಅದ ನನ್ನ ಕೆಲಸ. ಅದರಾಗ ನೀವು ಬಸ್ಸನ್ನೇ..."

ಪಲ್ಟಿ ಮಾಡಿದಿರಿ ಎಂದು ಅವಳು ಹೇಳಲಿಲ್ಲ. ಒಳ್ಳೆಯ ಸಂಸ್ಕಾರದ ಹುಡುಗಿ.

"ಬಿಕ್ಕಳಿಕೆ ಎಲ್ಲಿಂದ ಬರ್ತದ ಗೊತ್ತೇನ್ರಿ ಕಾಕು? ಅದೂ ಆ ದಂಟಿನಿಂದಾನೇ."

ಅಂದರೆ ನನ್ನ ಮಿದುಳಿನ ದಂಟು ತನ್ನ ಚಿತ್ರವನ್ನು ತಾನೇ ಒದರಿ ಕೆಡಿಸಿಕೊಂಡಿತ್ತು. ಸೊಕ್ಕಿನಲ್ಲಿ ಥೇಟ್ ಯಜಮಾನಿಯ ಹಾಗೆ!

ಆದರೂ, ಶಾಂತಕ್ಕನದರಲ್ಲೂ ಏನೂ ಇಲ್ಲ ಎಂದಾಳೇನೋ ಎಂದು ನನಗೊಂದು ಆಸೆ ಉಳಿದಿತ್ತು. "ಅಕ್ಕನ ಚಿತ್ರದಾಗ ಆ ಅಕ್ಕಿಕಾಳು ಹೊಳದದ ಅಲ್ಲ?" ಎಂದು ಕೇಳಿದೆ.

"ಏ, ಒಬ್ಬರ ಮ್ಯಾಲಿಂದ ಏನೂ ಗೊತ್ತಾಗಂಗಿಲ್ಲ. ಹೊಳೆಯೋದು ರಕ್ತನಾಳದ ಬಡಿತಾನೂ ಇರಬಹುದು. ಮನ್ಯಾಗ ಕೊಟ್ಟಿದ್ದು ಸುಮ್ಮನ ನೆನಪಿಗೆ ಅಂತ ಕೊಟ್ಟ ಸಾದಾ ಚಿತ್ರ. ಭಾಳ ಜನರದು ಕೂಡಿಸಿ, ಸೋಸಿದ ಮ್ಯಾಲೇ ಏನರ ಹೇಳಬಹುದು."

ನನ್ನ ಎದೆ ತಂಪಾಯಿತು. ಕನ್ನಡಿಯಂತೆ, ಕನ್ನಡಿ! ಎಲ್ಲರ ಹಿಟ್ಟಿನೊಳಗೆ ಆಕೆಯದೂ ಒಂದು ಹಿಡಿ ಅಷ್ಟೇ! ಈ ಮಾತನ್ನು ಬೀದರಿನ ಚಿಗವ್ವನಿಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಾ, "ಹಂಗಾದ್ರ ನಂದೂ ಅದರಾಗ ಕೂಡಿಸಿಬಿಡವ್ವ" ಎಂದೆ.

"ನಿಮ್ಮದು ಕೂಡಿಸಿದ್ರ ಎಲ್ಲಾರದೂ ಕೆಡ್ತದ ಕಾಕು."

ಗೋಡೆಯ ಗಡಿಯಾರ ನೋಡಿ ಶ್ರುತಿಯ ಮುಖ ಬಾಡಿತು. ಯಂತ್ರ ಇನ್ನೂ ಸ್ವಲ್ಪ ಹೊತ್ತು ಅವಳದೇ ಇತ್ತು, ಆದರೆ ತಲೆ ಇರಲಿಲ್ಲ. ಇನ್ನೊಂದು ಭಾನುವಾರ ಯಾವಾಗ ಸಿಗುತ್ತದೋ ಗೊತ್ತಿಲ್ಲವಂತೆ. ನನ್ನಿಂದ ಒಂದು ಹುಡುಗಿಯ ಕೆಲಸ ಹಾಳಾಗಿತ್ತು. ಆಗ ಮೂಲೆಯ ಕುರ್ಚಿಯಲ್ಲಿ, ನನ್ನ ಪಿನ್ನುಗಳ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಶಾಂತಕ್ಕ ಎದ್ದಳು.

"ಶ್ರುತಿ, ನಾನಽ ಮತ್ತೊಮ್ಮೆ ಮಲಗಲೇನ?"

ಶ್ರುತಿಯ ಕಣ್ಣು ಅರಳಿತು. ಒಬ್ಬರದೇ ಎರಡು ಸಲ ತೆಗೆದರೆ, ಮೊದಲು ಕಂಡ ಚುಕ್ಕಿ ಎರಡನೆಯ ಸಲವೂ ಅಲ್ಲೇ ಕಾಣುತ್ತದೋ ಇಲ್ಲವೋ ಎಂದು ತಾಳೆ ನೋಡಬಹುದಂತೆ. ಅದು ಬಹಳ ಉಪಯೋಗದ್ದಂತೆ. "ಆದ್ರ ಕಾಕು, ಚಹಾ ಕುಡಿದೀರೇನು?"

"ಇಲ್ಲವ್ವ. ಮುಂಜಾನಿಂದ ಎಲ್ಲೀ ಚಹಾ? ಕೂಡಾಕಽ ಆಗಿಲ್ಲ."

ಶಾಂತಕ್ಕ ಒಳಗೆ ಹೋದಳು. ನಾನು ಗಾಜಿನ ಈಚೆಯಿಂದ ನೋಡಿದೆ. ಯಂತ್ರ ಧಡಧಡ ಎನ್ನುತ್ತಿತ್ತು. ಒಂದು ಕಾಲ್ಬೆರಳೂ ಅಲುಗಲಿಲ್ಲ. ತೆರೆಯ ಮೇಲೆ ಆಕೆಯ ಎದೆಬಡಿತದ ಗೆರೆ, ಒಂದೇ ಅಳತೆಯ ಹೊಲಿಗೆಯ ಹಾಗೆ ಸಾಗಿತ್ತು. ನನಗೆ ಉರಿ ಎಂದರೆ ಅಂಥ ಉರಿ. ಹಿಕ್!

ಕೆಲಸ ಮುಗಿದ ಮೇಲೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯಲು ಕೂತೆವು. ಇವರು ರಿಕ್ಷಾ ಹುಡುಕಲು ಹೋಗಿದ್ದರು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಖರೇ ಹೇಳು. ಹ್ಯಾಂಗ ಮಲಗ್ತಿ ಹಂಗ? ಏನರ ಮಂತ್ರ ಹೇಳ್ಕೋತೀಯೇನು?"

ಶಾಂತಕ್ಕ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಾ ನಕ್ಕಳು.

"ಯಾವ ಮಂತ್ರನೂ ಇಲ್ಲ ತಂಗಿ. ಅದರೊಳಗ ಯಾರೂ ನನ್ನ ಕರಿಯಂಗಿಲ್ಲ."

ನನಗೆ ಅರ್ಥವಾಗಲಿಲ್ಲ.

"ಮನ್ಯಾಗ ಅವ್ವ ಕರೀತಾಳ, ಅಂಗಡ್ಯಾಗ ಇವರು ಕರೀತಾರ, ಬೂಟಿನ ಅಳತಿ ತೋರ್ಸು ಅಂತ ಗಿರಾಕಿ ಕರೀತಾರ. ಹೆರಿಗ್ಯಾಗಿ ಮಲಗಿದ್ದೆ ನೋಡು, ಅದರ ಮ್ಯಾಲ ಹಗಲಿನಾಗ ಬೆನ್ನು ಹಚ್ಚಿದ್ದು ಈ ಮಷಿನ್ಯಾಗಽ. ಅಲುಗಿದ್ರ ಹೊರಗ ತೆಗೀತಾರ ಅಂದ್ಳು ಶ್ರುತಿ. ಅದಕ್ಕ ಅಲುಗಲಿಲ್ಲ."

ಸುಮ್ಮನೆ, ಹವಾಮಾನದ ಮಾತಾಡಿದ ಹಾಗೆ ಹೇಳಿದಳು. ನಾನು ಲೋಟ ಕೆಳಗಿಟ್ಟೆ. ಅಲುಗಾಡದೆ ಮಲಗುವುದು ಆಕೆಯ ಹೆಚ್ಚುಗಾರಿಕೆ ಎಂದು ನಾನು ಇಷ್ಟು ದಿನ ಉರಿದುಕೊಂಡಿದ್ದೆ. ನನ್ನ ಬಿಕ್ಕಳಿಕೆ ನಿಂತಿತು. ಬೆಲ್ಲಕ್ಕೆ, ನೀರಿಗೆ, "ಹೋ" ಎಂದದ್ದಕ್ಕೆ ನಿಲ್ಲದ್ದು, ಆಗ ನಿಂತಿತು.

ಆ ಗಳಿಗೆಯಲ್ಲಿ ನನ್ನೊಳಗೆ ಒಂದು ಮಹಾನ್ ಔದಾರ್ಯ ಹುಟ್ಟಿತು. "ಅವ್ವನ್ನ ನಾವು ಕರ್ಕೊಂಡು ಹೋಗ್ತೀವಿ ಅಕ್ಕಾ. ಸ್ವಲ್ಪ ದಿನ ನಮ್ಮಲ್ಲಿರ್ಲಿ. ನೀ ಆರಾಮ ಮಾಡು" ಎಂದೆ. ಶಾಂತಕ್ಕ ಬೇಡ ಬೇಡ ಎಂದಳು. ನಾನು ಕೇಳಲಿಲ್ಲ. ಮರುದಿನ ಬಸ್ಸಿನಲ್ಲಿ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಬರುವಾಗ, ನನ್ನ ತಲೆಯ ಚಿತ್ರ ಹೇಗಿದ್ದರೇನು, ಮನಸ್ಸಿನ ಚಿತ್ರ ತೆಗೆಯುವ ಯಂತ್ರವಿದ್ದರೆ ಬಳಗಕ್ಕೆಲ್ಲ ಕಳಿಸಬಹುದಿತ್ತು ಎಂದುಕೊಂಡೆ.

ಈಗ ಅತ್ತೆ ನಮ್ಮ ನಡುಮನೆಯ ದಿವಾನದ ಮೇಲೆ ಕೂತಿದ್ದಾರೆ. ಹಿಂದೆ ಶಾಂತಕ್ಕನ ಗುಣಗಾನ ಫೋನಿನಲ್ಲಿ ಆಗೀಗ ಕೇಳುತ್ತಿತ್ತು. ಈಗ ಬೆಳಗಿನಿಂದ ಸಂಜೆಯವರೆಗೆ ನೇರಪ್ರಸಾರ! "ಶಾಂತಾ ಚಹಾಕ್ಕ ಶುಂಠಿ ಜಜ್ಜಿ ಹಾಕ್ತಾಳ." "ಶಾಂತಾನ ರೊಟ್ಟಿ ಉಬ್ಬತಾವ." "ಶಾಂತಾ ಒಮ್ಮಿ ಕರದ್ರ ಬರ್ತಾಳ, ಎರಡನೇ ಸಲ ಕರಿಸ್ಕೊಳ್ಳಂಗಿಲ್ಲ." ಪ್ರಮಿಳಾ ವಹಿನಿಗೂ ಎಲ್ಲ ಬಾಯಿಪಾಠವಾಗಿದೆ. "ನಿಮ್ಮ ನೆಗೆಣ್ಣಿ ಬಹಳ ಒಳ್ಳೆಯವರಂತೆ!" ಎಂದು ಮರಾಠಿಯಲ್ಲಿ ನನಗೇ ಹೇಳಿ ಹೋದರು.

ನಿನ್ನೆ ಸಂಜೆ, ಮೂರನೆಯ ಸಲ ಚಹಾಕ್ಕೆ ಇಟ್ಟು, ಅತ್ತೆಯ ಮೊಣಕಾಲಿಗೆ ಎಣ್ಣೆ ಬಿಸಿ ಮಾಡುತ್ತಿದ್ದಾಗ ಶಾಂತಕ್ಕನ ಫೋನು ಬಂತು. ದನಿಯಲ್ಲಿ ಹೊಸದೊಂದು ಮೆದುತನವಿತ್ತು.

"ತಂಗಿ, ಇವತ್ತು ಊಟ ಮಾಡಿ ಸುಮ್ಮನ ಅಡ್ಡಾದೆ. ಎದ್ದು ನೋಡಿದ್ರ ಹೊತ್ತು ಮುಳುಗಿತ್ತವ್ವ! ಎಂಥಾ ನಿದ್ದಿ ಅಂತಿ!"

"ಛಲೋ ಆತಕ್ಕಾ" ಎಂದೆ. ಮನಸ್ಸಿನಿಂದಲೇ ಎಂದೆ.

ಒಳಗಿನಿಂದ ಅತ್ತೆ ಕರೆದರು. "ಬಂದೆ ಅವ್ವಾ" ಎಂದು ಫೋನಿಟ್ಟು, ಎಣ್ಣೆಯ ಬಟ್ಟಲು ಹಿಡಿದು ಒಂದು ಕ್ಷಣ ಅಡುಗೆಮನೆಯಲ್ಲೇ ನಿಂತೆ.

ಹೊತ್ತು ಮುಳುಗುವ ತನಕ ನಿದ್ದೆಯಂತೆ! ಎಂಥ ಹೊಟ್ಟೆಕಿಚ್ಚಾಯಿತು ನನಗೆ!